ಚಿಕ್ಕ ಮೇಡಂ ಕೈಗುಣ

ಮೂರನೆಯ ಸಲವೂ ಬಣ್ಣ ಬರಲಿಲ್ಲ.

ಹೊಸ ಹಾಟ್‌ಪ್ಲೇಟಿನ ಮೇಲೆ ಹೊಸ ಫ್ಲಾಸ್ಕು ಕೂತಿತ್ತು. ಅದರೊಳಗೆ ಕಲಕಲು ಹಾಕಿದ ಹೊಸ ಬೀಡ್ ಒಂದೇ ಸಮನೆ ಸುತ್ತುತ್ತಿತ್ತು. ದ್ರಾವಣ ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ಹೇಗಿತ್ತೋ ಹನ್ನೆರಡಕ್ಕೂ ಹಾಗೆಯೇ, ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಎರಡು ಗಂಟೆಯೊಳಗೆ ಅದು ಜೇನಿನ ಬಣ್ಣಕ್ಕೆ ತಿರುಗಬೇಕು. ಹದಿನಾಲ್ಕು ವರ್ಷಗಳಲ್ಲಿ ಒಂದು ಸಲವೂ ತಪ್ಪದೆ ತಿರುಗಿತ್ತು. ಚಿಕ್ಕ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ತಪ್ಪೆಲ್ಲ ಕನ್ನಡಕದ್ದೇನೋ ಎಂಬಂತೆ.

ರಸಾಯನಶಾಸ್ತ್ರ ವಿಭಾಗದಲ್ಲಿ ಒಬ್ಬರು ದೊಡ್ಡ ಮೇಡಂ ಇದ್ದ ಕಾಲದಲ್ಲಿ ಇವರಿಗೆ ಚಿಕ್ಕ ಮೇಡಂ ಎಂಬ ಹೆಸರು ಬಿದ್ದದ್ದು. ದೊಡ್ಡ ಮೇಡಂ ನಿವೃತ್ತರಾಗಿ ಹತ್ತು ವರ್ಷವಾಯಿತು. ಇವರ ತಲೆಗೂದಲು ಅರ್ಧಕ್ಕರ್ಧ ಬೆಳ್ಳಗಾಯಿತು. ಆದರೂ ಚಿಕ್ಕ ಮೇಡಂ ಚಿಕ್ಕವರಾಗಿಯೇ ಉಳಿದರು. ವಿಭಾಗದಲ್ಲಿ ದೊಡ್ಡವರು ಎಂದರೆ ಈಗ ಒಬ್ಬರೇ, ಇವರಿಗೆ ಪಾಠ ಹೇಳಿ, ಪಿಎಚ್‌ಡಿ ಮಾಡಿಸಿ, ಪಕ್ಕದ ಕೋಣೆಯಲ್ಲೇ ಕೆಲಸಕ್ಕೂ ಹಚ್ಚಿದ ಹಿರಿಯ ಪ್ರೊಫೆಸರು. ಬರುವ ಶುಕ್ರವಾರ ಅವರಿಗೆ ವಿಜ್ಞಾನ ಪರಿಷತ್ತಿನ ಚಿನ್ನದ ಪದಕ, ಅವರ ಪ್ರಯೋಗಾಲಯಕ್ಕೆ ಐದು ವರ್ಷದ ಭಾರೀ ಅನುದಾನ. ಅನುದಾನದ ಮೊದಲ ಕಂತಿನಲ್ಲೇ ಹೊಸ ಸಾಮಾನು ಬಂದಿತ್ತು. ಸಮಾರಂಭಕ್ಕೆ ಮೊದಲು ಅತಿಥಿಗಳಿಗೆ ಆ ಹೆಸರುವಾಸಿ ಪ್ರಯೋಗವನ್ನು ಕಣ್ಣೆದುರೇ ಮಾಡಿ ತೋರಿಸಬೇಕೆಂದು ತೀರ್ಮಾನವಾಗಿತ್ತು. ಮಾಡಿ ತೋರಿಸಬೇಕಾದವರು ಯಾರು ಎಂದು ಯಾರೂ ಕೇಳಲಿಲ್ಲ. ದುಡಿಮೆಯ ವಿಷಯ ಬಂದಾಗ ಚಿಕ್ಕ ಮೇಡಂ ಹೆಸರು ಎಲ್ಲರಿಗೂ ತಾನಾಗಿಯೇ ನೆನಪಾಗುತ್ತಿತ್ತು.

"ಇನ್ನೂ ಬಂದಿಲ್ವಾ ಮೇಡಂ?" ಎಂದು ಮೀಸೆಯಣ್ಣ ತೊಳೆಯುವ ತೊಟ್ಟಿಯ ಕಡೆಯಿಂದ ಕೇಳಿದ. ಮೂವತ್ತು ವರ್ಷದಿಂದ ಅಲ್ಲಿ ಅಟೆಂಡರ್ ಆಗಿದ್ದವನು. "ಹಳೇ ಡಬ್ಬದಿಂದ ಒಂದು ಬೀಡ್ ಹಾಕಿ ನೋಡಿ. ಇವು ತಿರುಗೋ ರೀತಿನೇ ನಂಗೆ ಹಿಡಿಸಲಿಲ್ಲ. ಹೊಸಾ ಚಪ್ಪಲಿ ಹಾಕ್ಕೊಂಡೋರ ಥರ ಓಡಾಡ್ತವೆ."

"ಬೀಡ್‌ಗೂ ಬಣ್ಣಕ್ಕೂ ಏನಣ್ಣ ಸಂಬಂಧ? ಚಮಚ ಬದಲಾಯಿಸಿದ್ರೆ ಚಹಾ ರುಚಿ ಬದಲಾಗುತ್ತಾ?"

"ನಂಗೇನ್ ಗೊತ್ತು? ನಾನು ತೊಳೆಯೋನು."

ಬೀಡ್ ಎಂದರೆ ಬೆರಳ ತುದಿಯಷ್ಟು ಉದ್ದದ ಅಯಸ್ಕಾಂತದ ತುಂಡು. ಮೇಲೆ ಬಿಳಿಯ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಹಾಟ್‌ಪ್ಲೇಟಿನಡಿ ಇನ್ನೊಂದು ಅಯಸ್ಕಾಂತ ತಿರುಗಿದರೆ ಇದು ಫ್ಲಾಸ್ಕಿನೊಳಗೆ ತಿರುಗಿ ದ್ರಾವಣವನ್ನು ಕಲಕುತ್ತದೆ. ಅದರ ಕೆಲಸ ಅಷ್ಟೇ. ಚಿಕ್ಕ ಮೇಡಂ ತಮಾಷೆಗೆಂದೇ ನಾಲ್ಕನೆಯ ಸಲ ಎಲ್ಲವನ್ನೂ ತೂಗಿ ಸುರಿದು, ಹಳೆಯ ಡಬ್ಬದಿಂದ ಬೂದಿಬಣ್ಣಕ್ಕೆ ತಿರುಗಿದ್ದ ಒಂದು ಬೀಡ್ ಎತ್ತಿ ಹಾಕಿದರು. ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಫ್ಲಾಸ್ಕಿನ ತುಂಬ ಜೇನಿನ ಬಣ್ಣ.

"ನಾನ್ ಹೇಳಲಿಲ್ವಾ!" ಎಂದು ಮೀಸೆಯಣ್ಣ ಮೀಸೆ ತಿರುವಿದ. ಚಿಕ್ಕ ಮೇಡಂ ಕೈ ಹಿಂದೆ ಚಾಚಿ ಸ್ಟೂಲು ಹುಡುಕಿಕೊಂಡು ಕೂತರು.

ವಿಷಯ ಇಷ್ಟು. ಆ ಎರಡು ಬಗೆಯ ಅಣುಗಳನ್ನು ಒಂದಕ್ಕೊಂದು ಬೆಸೆಯಬೇಕಾದರೆ ಪಲ್ಲೇಡಿಯಂ ಎಂಬ ತುಟ್ಟಿ ಲೋಹ ಬೇಕೇ ಬೇಕು ಎಂದು ಜಗತ್ತೆಲ್ಲ ನಂಬಿತ್ತು. ಲೋಹವೇ ಇಲ್ಲದೆ ಬೆಸೆಯಬಹುದು ಎಂದು ಈ ಪ್ರಯೋಗಾಲಯ ತೋರಿಸಿಕೊಟ್ಟಿತು. ಮಾತ್ರೆಗಳನ್ನು ಅರ್ಧ ಬೆಲೆಗೆ ತಯಾರಿಸಬಹುದು ಎಂದು ಪತ್ರಿಕೆಗಳು ಬರೆದವು. ಪದಕ, ಅನುದಾನ, ಮೂರು ದೇಶಗಳ ಅಕಾಡೆಮಿ ಸದಸ್ಯತ್ವ, ಎಲ್ಲ ಬಂದದ್ದು 'ಲೋಹವಿಲ್ಲದೆ' ಎಂಬ ಆ ಒಂದು ಮಾತಿಗೆ. ಈಗ ನೋಡಿದರೆ ಲೋಹ ಇತ್ತು. ಬೀಡ್‌ನ ಹೊದಿಕೆಯ ಕಣ್ಣಿಗೆ ಕಾಣದ ಗೀರುಗಳಲ್ಲಿ, ಹಳೆಯ ಕೆಲಸದ ಪಲ್ಲೇಡಿಯಂ ಕಿಲುಬಿನ ಹಾಗೆ ಕಚ್ಚಿಕೊಂಡು ಕೂತಿತ್ತು. ಎಷ್ಟು ಕುದಿಸಿ ತೊಳೆದರೂ ಬಿಟ್ಟಿರಲಿಲ್ಲ.

ಹದಿನಾಲ್ಕು ವರ್ಷ ಒಬ್ಬರಾದರೂ ಹೊಸ ಬೀಡ್ ಯಾಕೆ ಹಾಕಲಿಲ್ಲ ಎಂದರೆ, ದೊಡ್ಡವರು ಹಾಕಲು ಬಿಡಲಿಲ್ಲ. ಜಿಪುಣತನ ಅವರ ಪ್ರಯೋಗಾಲಯದ ಧರ್ಮವಾಗಿತ್ತು. ಅವರ ಗುರುಗಳು ಬಿಟ್ಟುಹೋದ ಒಂದು ಬಿಸ್ಕತ್ತಿನ ಡಬ್ಬದ ತುಂಬ ಬೀಡ್‌ಗಳಿದ್ದವು. ಆ ಗುರುಗಳು ಬದುಕಿಡೀ ಪಲ್ಲೇಡಿಯಂ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಹೊಸದಾಗಿ ಸೇರಿದ ಪ್ರತಿ ವಿದ್ಯಾರ್ಥಿಯೂ ಮೊದಲ ವಾರ ಕೂತು ಆ ಬೀಡ್‌ಗಳನ್ನು ಆಸಿಡ್ಡಿನಲ್ಲಿ ಕುದಿಸಿ ತೊಳೆಯಬೇಕು. "ತೊಳೆಯೋಕೆ ಬಾರದವನಿಗೆ ಕೆಮಿಸ್ಟ್ರಿ ಬರಲ್ಲ" ಎನ್ನುವುದು ದೊಡ್ಡವರು ಪ್ರತಿ ಭಾಷಣದಲ್ಲೂ ಹೇಳುವ ಮಾತು. ಜನ ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಿದ್ದರು.

ಹೊರದೇಶದಿಂದ ಇಬ್ಬರು, ನಮ್ಮಲ್ಲಿ ಈ ಪ್ರಯೋಗ ಆಗುತ್ತಿಲ್ಲ ಎಂದು ಬರೆದದ್ದೂ ಉಂಟು. ಅದಕ್ಕೆ ದೊಡ್ಡವರು, ಕೈ ಪಳಗಬೇಕು, ಎಲ್ಲರಿಗೂ ಒಲಿಯುವುದಿಲ್ಲ ಎಂದು ಉತ್ತರ ಕೊಟ್ಟಿದ್ದರು. ಎದುರಿಗೆ ಸಿಕ್ಕಾಗ ಚಿಕ್ಕ ಮೇಡಂಗೆ, "ಎಲ್ಲಾ ನಿನ್ನ ಕೈಗುಣ ಕಣಮ್ಮ" ಎಂದಿದ್ದರು. ಸಭೆಯಲ್ಲಿ ಎಂದೂ ಹೇಳದ ಆ ಮಾತನ್ನು ಕಾರಿಡಾರಿನಲ್ಲಿ ಹೇಳಿದ್ದಕ್ಕೇ ಚಿಕ್ಕ ಮೇಡಂ ಒಂದು ವಾರ ಹಿಗ್ಗಿದ್ದರು. ಈಗ ಅದು ನೆನಪಾಗಿ ಮೈಯೆಲ್ಲ ಹಿಡಿಯಷ್ಟಾಯಿತು. ಅವರ ಕೈಗೆ ಯಾವ ಗುಣವೂ ಇರಲಿಲ್ಲ, ಇದ್ದದ್ದು ಕೊಳೆ.

ದೊಡ್ಡವರ ಕೋಣೆಯ ಒಂದು ಗೋಡೆ ಪೂರ್ತಿ ಪ್ರಶಸ್ತಿಪತ್ರಗಳೇ. ಅವುಗಳಲ್ಲಿ ಒಂದರಲ್ಲೂ ತಮ್ಮ ಹೆಸರಿಲ್ಲ ಎಂಬುದು ಚಿಕ್ಕ ಮೇಡಂಗೆ ಕಣ್ಣು ಮುಚ್ಚಿದರೂ ಗೊತ್ತು. ಮೂಲ ಲೇಖನದಲ್ಲಿ ಐದು ಹೆಸರಿದ್ದವು, ಇವರದು ನಾಲ್ಕನೆಯದು. ಅದಕ್ಕಿಂತ ಮೊದಲು ಆಗಿನ ವಿಭಾಗದ ಮುಖ್ಯಸ್ಥರು, ಅವರಿಗಿಂತ ಮೊದಲು ಒಂದು ದಿನವೂ ಪ್ರಯೋಗಾಲಯದೊಳಗೆ ಕಾಲಿಡದ ದೊಡ್ಡವರ ಗೆಳೆಯರೊಬ್ಬರು. ಈ ಪ್ರಯೋಗ ನಾನು ಮಾಡಿದ್ದು ಎಂದು ಒಮ್ಮೆ ಬಾಯಿಬಿಟ್ಟು ಕೇಳಿಯೂ ಆಗಿತ್ತು. "ನಿನ್ನ ಕಾಲ ಬರುತ್ತಮ್ಮ" ಎಂದು ದೊಡ್ಡವರು ಬೆನ್ನು ತಟ್ಟಿ ಕಳಿಸಿದ್ದರು. ಹಾಗಾಗಿ ಈ ದಿನ ಆ ಗೋಡೆಯೆದುರು ನಿಂತು ನಡೆದದ್ದನ್ನು ಹೇಳುವಾಗ, ನಿಜ ಹೇಳಬೇಕೆಂದರೆ, ಚಿಕ್ಕ ಮೇಡಂ ಹೊಟ್ಟೆಯೊಳಗೆ ಒಂದಿಷ್ಟು ತಣ್ಣಗಾಯಿತು. ಮರುಕ್ಷಣ ನಾಚಿಕೆಯೂ ಆಯಿತು.

ದೊಡ್ಡವರು ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಯಾರ್ಯಾರಿಗೆ ಗೊತ್ತು?"

"ನಂಗೆ ಗೊತ್ತು ಸರ್. ಮೀಸೆಯಣ್ಣ ನೋಡಿದ್ದಾನೆ, ಅರ್ಥ ಆಗಿರಲಿಕ್ಕಿಲ್ಲ."

"ಆಗ ಮೊದಲನೇ ಸಲ ಮಾಡಿದಾಗ, ಬೀಡ್ ತೊಳೆದದ್ದು ಯಾರು?"

"ನಾನೇ ಸರ್. ಎಲ್ಲಾ ನಾನೇ ತೊಳೀತಿದ್ದೆನಲ್ಲ."

"ಹಳೇ ಬೀಡ್ ಅಂತ ನೋಟ್‌ಬುಕ್ಕಲ್ಲಿ ಬರೆದಿದ್ದೀಯಾ?"

"ಅದನ್ನ ಯಾರು ಬರೀತಾರೆ ಸರ್?"

"ಹೌದು, ಯಾರೂ ಬರೆಯಲ್ಲ" ಎಂದು ಅವರು ತಲೆಯಾಡಿಸಿದರು. "ಶುಕ್ರವಾರ ಪ್ರಯೋಗ ತೋರಿಸೋದು ಬೇಡ. ಅತಿಥಿಗಳಿಗೆ ಸಮಯ ಇಲ್ಲ ಅಂತ ಹೇಳೋಣ. ನೀನು ಇನ್ನೆರಡು ದಿನದಲ್ಲಿ ಮೂರು ಹಳೇ ಬೀಡ್, ಮೂರು ಹೊಸಾ ಬೀಡ್ ಹಾಕಿ ಮತ್ತೆ ಮಾಡು. ನಿನ್ನ ಕೈಯಲ್ಲೇ ಬರಿ, ತಾರೀಕು ಹಾಕು, ಸಹಿ ಹಾಕು. ಮುಚ್ಚಿಡೋ ಮಾತೇ ಇಲ್ಲ. ಸಮಾರಂಭ ಮುಗೀಲಿ, ಸೋಮವಾರ ಜರ್ನಲ್‌ಗೆ ಪತ್ರ ಹಾಕೋಣ. ಆ ಹಳೇ ನೋಟ್‌ಬುಕ್ ಎಲ್ಲಿದೆ?"

"ಮನೇಲಿ, ಬೀರೂಲಿ ಇಟ್ಟಿದ್ದೀನಿ."

"ತಂದುಕೊಡು."

ಚಿಕ್ಕ ಮೇಡಂ ಮೆಟ್ಟಿಲಿಳಿಯುವಾಗ ಅವರಿಗೆ ದೊಡ್ಡವರ ಮೇಲೆ ಇಷ್ಟು ವರ್ಷ ಇಲ್ಲದ ಗೌರವ ಹುಟ್ಟಿತ್ತು. ಪದಕದ ಹೊಸ್ತಿಲಲ್ಲಿ ನಿಂತವರು, ಬೇರೆ ಯಾರಾದರೂ ಆಗಿದ್ದರೆ ಡಬ್ಬವನ್ನೇ ಎಸೆಯಲು ಹೇಳುತ್ತಿದ್ದರು. ಇವರು ಬರೆದಿಡು ಎಂದರಲ್ಲ. ದೊಡ್ಡ ಮನುಷ್ಯರ ಬಗ್ಗೆ ತಾನೇ ಸಣ್ಣದಾಗಿ ಯೋಚಿಸಿದೆ ಎಂದು ತಮ್ಮನ್ನೇ ಬೈದುಕೊಂಡರು.

ಸಂಜೆ ಅಕ್ಕನ ಹೊಲಿಗೆ ಅಂಗಡಿಗೆ ಹೋದರೆ ಅಕ್ಕ ಮಿಷನ್ನಿನ ಮುಂದೆ ಬಿಳಿ ಬಟ್ಟೆಯ ರಾಶಿಯಲ್ಲಿ ಮುಳುಗಿದ್ದಳು. ವಿಭಾಗದ ಬಿಳಿ ಕೋಟುಗಳೆಲ್ಲ ಅಲ್ಲೇ ಹೊಲಿಸಿದವು. ಅಪ್ಪ ಅಮ್ಮ ಹೋದಾಗ ಅಕ್ಕನಿಗೆ ಇಪ್ಪತ್ತೊಂದು, ತಂಗಿಗೆ ಹತ್ತು. ಆಮೇಲೆ ತಂಗಿಯ ಶಾಲೆ, ಕಾಲೇಜು, ಹಾಸ್ಟೆಲ್ಲು, ಎಲ್ಲವೂ ಆ ಮಿಷನ್ನಿನ ಕಾಲಿನಿಂದಲೇ ನಡೆದವು. ಅಕ್ಕನಿಗೆ ರಸಾಯನಶಾಸ್ತ್ರದ ಒಂದಕ್ಷರವೂ ಗೊತ್ತಿಲ್ಲ. ಆದರೆ ಲೇಖನದಲ್ಲಿ ತಂಗಿಯ ಹೆಸರು ಎಷ್ಟನೆಯದು ಎಂಬುದು ಗೊತ್ತು, ಅದನ್ನವಳು ಮರೆಯುವ ಪೈಕಿಯಲ್ಲ.

"ನಿಮ್ಮ ದೊಡ್ಡವರ ಹೊಸಾ ಕೋಟಿಗೆ ಮೂರು ಜೇಬು ಇಟ್ಟಿದ್ದೀನಿ" ಎಂದಳು ಅಕ್ಕ, ಹಲ್ಲಿನಲ್ಲಿ ದಾರ ಕಡಿಯುತ್ತ. "ಬೇರೆಯವರದ್ದೆಲ್ಲ ಹಾಕ್ಕೊಳ್ಳೋಕೆ ಎರಡು ಸಾಲಲ್ಲ ಅವರಿಗೆ."

"ಸುಮ್ನಿರಕ್ಕ. ಅಷ್ಟು ಕೆಟ್ಟೋರಲ್ಲ."

"ಓಹೋ, ಇವತ್ತು ಗಾಳಿ ಎತ್ತಲಿಂದ ಬೀಸ್ತಿದೆ? ಹದಿನಾಲ್ಕು ವರ್ಷ ಇದೇ ಸ್ಟೂಲ್ ಮೇಲೆ ಕೂತು ಅತ್ತಿದ್ದು ಯಾರೇ?" ಅಕ್ಕ ನಕ್ಕಳು. ನಗು ನಿಲ್ಲಿಸಿ ಹೇಳಿದಳು: "ನಂಗೆ ದುಡ್ಡೂ ಬೇಡ, ಪದಕಾನೂ ಬೇಡ ಕಣೇ. ಇದು ಇವಳು ಮಾಡಿದ್ದು ಅಂತ ಅವರ ಬಾಯಿಂದ ಒಂದೇ ಒಂದು ಸಲ ಬರಲಿ. ನನ್ನ ಕಿವಿ ಅದನ್ನ ಕೇಳಿಬಿಟ್ರೆ ಸಾಕು. ಶುಕ್ರವಾರ ಅಂಗಡಿ ಮುಚ್ಚಿ ನಾನೂ ಬರ್ತೀನಿ. ಹೇಳ್ತಾರೋ ಇಲ್ವೋ ನೋಡೇಬಿಡ್ತೀನಿ."

ಅಕ್ಕ ಜ್ವರ ಬಂದಾಗಲೂ ಅಂಗಡಿ ಮುಚ್ಚಿದವಳಲ್ಲ.

"ಅಕ್ಕ, ಆ ಕೆಲಸದಲ್ಲೇ ಒಂದು ತಪ್ಪು..."

"ಶುರು ಮಾಡಿದ್ಲು! ತಪ್ಪು ಗಿಪ್ಪು ಅಂತ ರಾಗ ಎಳೀಬೇಡ. ನಿಂಗೆ ಯಾವತ್ತೂ ನಿನ್ನದರಲ್ಲೇ ಹುಳುಕು ಕಾಣೋದು. ಏಳು, ಅಳತೆ ಕೊಡು. ಆ ಸವೆದ ಕೋಟು ಹಾಕ್ಕೊಂಡು ಸಭೆಗೆ ಬಂದ್ರೆ ನಾನು ನಿನ್ನ ಅಕ್ಕ ಅಂತ ಹೇಳಿಕೊಳ್ಳಲ್ಲ."

ಚಿಕ್ಕ ಮೇಡಂ ಎದ್ದು ನಿಂತು ಎರಡೂ ಕೈ ಅಗಲಿಸಿ ಅಳತೆ ಕೊಟ್ಟರು. ಸೋಮವಾರ ಹೇಳಿದರಾಯಿತು ಎಂದುಕೊಂಡರು.

ಮರುದಿನ ಹಳೆಯ ನೋಟ್‌ಬುಕ್ಕನ್ನು ದೊಡ್ಡವರ ಮೇಜಿನ ಮೇಲಿಟ್ಟರು. ಅದನ್ನು ಇಷ್ಟು ವರ್ಷ ಒಡವೆಯ ಹಾಗೆ ಕಾಪಾಡಿದ್ದರು. ಯಾವತ್ತಾದರೂ ಯಾರಾದರೂ ಕೇಳಿದರೆ, ನೋಡಿ, ಮೊದಲ ದಿನದಿಂದ ಕೊನೆಯ ದಿನದವರೆಗೆ ನನ್ನದೇ ಕೈಬರಹ ಎಂದು ತೋರಿಸಲಿಕ್ಕಿದ್ದ ಸಾಕ್ಷಿ ಅದೊಂದೇ. ದೊಡ್ಡವರು ಮೊತ್ತಮೊದಲ ಬಾರಿಗೆ ಅದನ್ನು ಪುಟಪುಟವಾಗಿ ತಿರುವಿ ನೋಡಿದರು.

"ಎಲ್ಲಾ ನಿನ್ನ ಅಕ್ಷರವೇ" ಎಂದರು.

"ಹೌದು ಸರ್."

"ನಂದು ಎಲ್ಲೂ ಇಲ್ಲ."

"ಇಲ್ಲ ಸರ್" ಎಂದು ಹೇಳುವಾಗ ಚಿಕ್ಕ ಮೇಡಂಗೆ, ಕೊನೆಗೂ ನೋಡಿದರಲ್ಲ ಎನಿಸಿತು. ಆ ಎರಡು ದಿನ ಅವರು ಆರು ಫ್ಲಾಸ್ಕು ಇಟ್ಟು ಆರರದ್ದನ್ನೂ ಬರೆದರು. ಹಳೆಯ ಬೀಡ್ ಹಾಕಿದ ಮೂರರಲ್ಲಿ ಬಣ್ಣ ಬಂತು, ಹೊಸದು ಹಾಕಿದ ಮೂರರಲ್ಲಿ ಬರಲಿಲ್ಲ. ಪುಟದ ಕೆಳಗೆ ತಾರೀಕು ಹಾಕಿ ಸಹಿ ಮಾಡಿದರು.

ಶುಕ್ರವಾರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಕುಲಪತಿಗಳು, ಪರಿಷತ್ತಿನ ಅಧ್ಯಕ್ಷರು, ನಡುವೆ ದೊಡ್ಡವರು. ಅಕ್ಕ ಮೂರನೆಯ ಸಾಲಿನಲ್ಲಿ ಜಾಗ ಹಿಡಿದು, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ತಂಗಿಗೂ ಕಾದಿರಿಸಿದ್ದಳು. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಲೋಹವಿಲ್ಲದೆ ಎಂದು ಅವರು ಹೇಳಿದಾಗೆಲ್ಲ ಚಿಕ್ಕ ಮೇಡಂಗೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಅಕ್ಕ ಅದನ್ನು ಕಂಡು, "ಯಾಕೇ, ಕೋಟು ಬಿಗೀನಾ?" ಎಂದು ಪಿಸುಗುಟ್ಟಿದಳು.

ಪದಕ ಕೊರಳಿಗೆ ಬಿದ್ದ ಮೇಲೆ ದೊಡ್ಡವರು ಮೈಕಿನ ಮುಂದೆ ಬಂದರು. ತೊಳೆಯುವುದು ಬಾರದವನಿಗೆ ಎಂಬ ಮಾತು ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ.

"ಈ ಪದಕ ನನ್ನ ಕೊರಳಲ್ಲಿದೆ. ಆದರೆ ಇದು ನನ್ನದಲ್ಲ" ಎಂದರು ದೊಡ್ಡವರು. "ಈ ಮಾತನ್ನು ನಾನು ಬಹಳ ಹಿಂದೆಯೇ ಹೇಳಬೇಕಿತ್ತು. ಈ ಪ್ರಯೋಗವನ್ನು ಮೊದಲು ಮಾಡಿದವರು ನಮ್ಮ ವಿಭಾಗದ ಚಿಕ್ಕ ಮೇಡಂ. ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ನೋಟ್‌ಬುಕ್ಕಿನ ಒಂದೊಂದು ಅಕ್ಷರವೂ ಅವರದು. ಮೊನ್ನೆ ತಾನೇ ಪೂರ್ತಿ ನೋಡಿದೆ, ನನ್ನ ಕೈಬರಹ ಒಂದು ಕಡೆಯೂ ಇಲ್ಲ. ವಸ್ತುಗಳನ್ನು ತೂಗಿದವರು ಅವರು, ಫ್ಲಾಸ್ಕು ತೊಳೆದವರು ಅವರು, ಒಂದೊಂದು ಬೀಡ್ ಆರಿಸಿ ತೊಳೆದು ಹಾಕಿದವರೂ ಅವರೇ. ನಾನು ಒಂದು ದಿನವೂ ಆ ಫ್ಲಾಸ್ಕನ್ನು ಮುಟ್ಟಿದವನಲ್ಲ. ಅವರು ಬರೆದುಕೊಟ್ಟದ್ದನ್ನು ನಂಬಿದೆ, ಅಷ್ಟೇ ನಾನು ಮಾಡಿದ್ದು. ನಿಮ್ಮೆಲ್ಲರ ಸಾಕ್ಷಿಯಾಗಿ ಹೇಳುತ್ತಿದ್ದೇನೆ, ಈ ಕೆಲಸ ಅವರದು."

ಚಪ್ಪಾಳೆಗೆ ಸಭಾಂಗಣ ಅದುರಿತು. ಚಿಕ್ಕ ಮೇಡಂ ಕಣ್ಣು ಮೊದಲ ಎರಡು ವಾಕ್ಯಕ್ಕೇ ತುಂಬಿಕೊಂಡಿತ್ತು. ಬೀಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಣ್ಣೊರೆಸಿಕೊಂಡು ದೊಡ್ಡವರನ್ನೇ ನೋಡಿದ್ದರು. ಸನ್ಮಾನದ ಭಾಷಣದಲ್ಲಿ ಬೀಡ್‌ಗೇನು ಕೆಲಸ? ಯಾವ ಪುಸ್ತಕವನ್ನು ತಮ್ಮ ಪಾಲಿನ ಸಾಕ್ಷಿಯೆಂದು ಬೀರುವಿನಲ್ಲಿ ಕಾಪಾಡಿದ್ದರೋ ಅದನ್ನು ತಾವೇ ಒಯ್ದು ಅವರ ಕೈಗಿಟ್ಟಾಗಿತ್ತು. ಹೊಸ ಸಹಿಯನ್ನೂ ಮಾಡಿಕೊಟ್ಟಾಗಿತ್ತು. ಸೋಮವಾರ ಪತ್ರ ಹೋಗುತ್ತದೆ. ಆಗ ತಪ್ಪು ಯಾರದು ಎಂದು ಯಾರೂ ಹುಡುಕಬೇಕಾಗಿಲ್ಲ, ಐನೂರು ಜನ ಚಪ್ಪಾಳೆ ತಟ್ಟಿ ಒಪ್ಪಿಕೊಂಡಾಗಿದೆ.

"ಏಳೇ, ಏಳು! ಕರೀತಿದ್ದಾರೆ!" ಅಕ್ಕ ತೋಳು ಹಿಡಿದು ಎಬ್ಬಿಸಿದಳು. ಅಕ್ಕನ ಮುಖ ಪೂರ್ತಿ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳುವ ಗೊಡವೆಯೂ ಅವಳಿಗೆ ಇರಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ದೊಡ್ಡವರು ತಾವೇ ಎದುರು ಬಂದು ಕೈಹಿಡಿದು ಹತ್ತಿಸಿಕೊಂಡರು. ಯಾರೋ ಹೂಗುಚ್ಛ ತಂದು ಕೊಟ್ಟರು. ಕ್ಯಾಮೆರಾದ ಕಡೆ ನಗುತ್ತಲೇ ದೊಡ್ಡವರು ತಗ್ಗಿದ ದನಿಯಲ್ಲಿ ಹೇಳಿದರು: "ಹದಿನಾಲ್ಕು ವರ್ಷದಿಂದ ಕೇಳ್ತಿದ್ದೆಯಲ್ಲಮ್ಮ. ಕೊಟ್ಟಿದ್ದೀನಿ."

"ಸರ್, ಪತ್ರ..."

"ಕರಡು ತಯಾರಿದೆ, ನನ್ನ ಮೇಜಿನ ಮೇಲಿದೆ. ನನ್ನ ಸಹಿ ಬೇಕಾಗಲ್ಲ. ಕೆಲಸ ನಿಂದಲ್ವಾ?"

ಕುಲಪತಿಗಳು ಎರಡು ಮಾತಾಡಿ ಎಂದು ಮೈಕು ತಿರುಗಿಸಿದರು. ಹೇಳಿಬಿಡಬಹುದಿತ್ತು. ಡಬ್ಬದ ಕಥೆಯನ್ನು, ಅದನ್ನು ಬಿಟ್ಟು ಬೇರೆ ಬೀಡ್ ಮುಟ್ಟಕೂಡದೆಂದು ಅಪ್ಪಣೆ ಕೊಟ್ಟವರು ಯಾರೆಂಬುದನ್ನು, ಇದೇ ಕ್ಷಣ, ಇದೇ ಮೈಕಿನಲ್ಲಿ. ಚಿಕ್ಕ ಮೇಡಂ ಬಾಯಿ ತೆರೆದರು. ಮೂರನೆಯ ಸಾಲಿನಲ್ಲಿ ಅಕ್ಕ ಒಬ್ಬಳೇ ಎದ್ದು ನಿಂತಿದ್ದಳು. ಹಿಂದಿನವರು ಕೂತುಕೊಳ್ಳಿ ಎನ್ನುತ್ತಿದ್ದರೂ ಕೂರದೆ, ಕಿವಿಯ ಮೇಲಿನ ಕೂದಲು ಸರಿಸಿಕೊಂಡು, ಒಂದಕ್ಷರವೂ ತಪ್ಪಿಹೋಗಬಾರದೆಂದು ಕಾದಿದ್ದಳು.

"ಎಲ್ಲರಿಗೂ ವಂದನೆಗಳು" ಎಂದು ಹೇಳಿ ಚಿಕ್ಕ ಮೇಡಂ ಹಿಂದೆ ಸರಿದರು. ಎಷ್ಟು ವಿನಯ ಎಂದು ಜನ ಇನ್ನೊಂದು ಸುತ್ತು ಚಪ್ಪಾಳೆ ತಟ್ಟಿದರು.

ಹೊರಗೆ ಕಾಫಿಯ ಮೇಜುಗಳ ಸುತ್ತ ಗುಂಪು ಸೇರಿತ್ತು. ಹಸ್ತಲಾಘವ ಮಾಡುವವರಿಂದ ಬಿಡಿಸಿಕೊಂಡು ಚಿಕ್ಕ ಮೇಡಂ ಅಕ್ಕನನ್ನು ಹುಡುಕಿದರು. ಅವಳನ್ನು ಮೂಲೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಬೇಕಿತ್ತು. ಅಕ್ಕ ಕಂಬದ ಪಕ್ಕ ಪತ್ರಿಕೆಯ ವರದಿಗಾರನೊಬ್ಬನ ಮೊಣಕೈ ಹಿಡಿದು ನಿಲ್ಲಿಸಿಕೊಂಡಿದ್ದಳು.

"ನಾನು ಅಕ್ಕ, ಒಡಹುಟ್ಟಿದ ಅಕ್ಕ. ಬರ್ಕೊಳ್ಳಿ. ಎಲ್ಲಾ ಇವಳೇ ಮಾಡಿದ್ದು. ನಾನ್ ಹೇಳ್ತಿಲ್ಲ, ಅವರೇ ಹೇಳಿದ್ರು, ನೀವೂ ಕೇಳಿದ್ರಲ್ಲ? ಅವರು ಒಂದು ದಿನಾನೂ ಕೈ ಹಾಕಿಲ್ಲವಂತೆ. ಅದನ್ನ ಸರಿಯಾಗಿ ಹಾಕಿ. ಒಂದು ದಿನಾನೂ, ಅಂತ ಹಾಕಿ."

"ಹಾಕ್ತೀನಮ್ಮ."

"ಆ ಗುಂಡು ತೊಳೆದಿದ್ದೂ ಇವಳೇ ಅಂದ್ರಲ್ಲ, ಅದೇನೋ ಬೀಡು, ಅದನ್ನೂ ಹಾಕಿ. ಯಾವುದನ್ನೂ ಬಿಡಬೇಡಿ."

ಎರಡು ಹೆಜ್ಜೆ ಆಚೆ ನಿಂತಿದ್ದ ದೊಡ್ಡವರು ಕಾಫಿ ಲೋಟ ಕೆಳಗಿಟ್ಟು, ಅಕ್ಕನಿಗೆ ಮರ್ಯಾದೆಯಿಂದ ತಲೆಬಾಗಿ ದಾರಿ ಬಿಟ್ಟು ನಡೆದರು. ಅಕ್ಕ ಅವರಿಗೆ ಎರಡೂ ಕೈ ಎತ್ತಿ ಮುಗಿದಳು. ವರದಿಗಾರನ ಹಾಳೆ ತುಂಬಿತ್ತು. ಅವನು ಅದನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದ. ಕಂಬದ ಹತ್ತಿರ ಬೆಳಕು ಸಾಲದೆಂದು ಅಕ್ಕ ಅವನನ್ನು ಕಿಟಕಿಯ ಕಡೆ ಕರೆದುಕೊಂಡು ಹೋದಳು.